ಗರಿಯ ಹುಳುವೂ ರಾಗಿಯ ಉಂಡೆಯೂ



ಇತಿಹಾಸವೆಂದೊಡನೆ ಕೋಟೆ ಕೊತ್ತಲಗಳನ್ನೂ ಪಟ್ಟಾಭಿಷೇಕಗಳನ್ನೂ ನಿರೀಕ್ಷಿಸುವುದು ಕೇಳುಗರ ವಾಡಿಕೆ. ಮಂಡ್ಯದ ಸೀಮೆಯ ಇತಿಹಾಸವನ್ನಂತೂ ಶ್ರೀರಂಗಪಟ್ಟಣದ ಮುತ್ತಿಗೆಯಿಂದ ಆರಂಭಿಸಿ ಕನ್ನಂಬಾಡಿಯ ಕಟ್ಟೆಯಲ್ಲಿ ಮುಗಿಸುವುದು ನಮ್ಮಂಥ ಉಪನ್ಯಾಸಕರ ಪದ್ಧತಿ. ಇಂದು ನಾವು ಆ ಹೆದ್ದಾರಿಯನ್ನು ಬಿಟ್ಟು, ಹೆಬ್ಬೆರಳಿನ ಉಗುರಿನಷ್ಟು ಗಾತ್ರದ ಒಂದು ವಸ್ತುವಿನ ಇತಿಹಾಸವನ್ನು ನಿಮ್ಮ ಮುಂದಿಡಬೇಕೆಂದಿದ್ದೇವೆ. ಅದು ಮೀನು ಹಿಡಿಯುವ ಗಾಳದ ಮೇಲೆ ಕಟ್ಟುವ ಗರಿಯ ಹುಳು. ಅದರ ಜೊತೆಗೆ ನಿಂಬೆಹಣ್ಣಿನ ಗಾತ್ರದ ಇನ್ನೊಂದು ವಸ್ತುವೂ ಬರುವುದು. ಅದು ಮಳವಳ್ಳಿಯ ಕಡೆಯ ರಾಗಿ ಹಿಟ್ಟಿನ ಉಂಡೆ. ಒಂದು ಸೀಮೆಯಿಂದಾಚೆ ಬಂದದ್ದು, ಇನ್ನೊಂದು ನಮ್ಮ ಒಲೆಯ ಮೇಲಿನದು. ಎರಡೂ ಕಾವೇರಿಯ ಒಂದೇ ಮಡುವಿನಲ್ಲಿ ಮುಳುಗಿ ಎದ್ದಿವೆ.

ಇಂಗ್ಲಿಷರು ಮೊದಲನೆಯದಕ್ಕೆ ‘ಫ್ಲೈ’ ಎನ್ನುತ್ತಾರೆ. ನೊಣವೆಂದು ಭಾಷಾಂತರಿಸಿದರೆ ಅಡಿಗೆಯ ಮನೆಯ ಪಿಡುಗು ನೆನಪಿಗೆ ಬರುವುದರಿಂದ, ಈ ಭಾಷಣದ ಮಟ್ಟಿಗೆ ಗರಿಹುಳು ಎಂದು ಕರೆಯೋಣ. ನೀರಿನ ಮೇಲೆ ಹಾರಾಡಿ ಬೀಳುವ ಹುಳುಗಳನ್ನು ಮೀನು ಮೇಲೆದ್ದು ನುಂಗುವುದನ್ನು ಕೆರೆಯ ಏರಿಯ ಮೇಲೆ ಕುಳಿತವರೆಲ್ಲರೂ ಕಂಡಿದ್ದಾರೆ. ಆದರೆ ಆ ಹುಳು ಬಲು ಮೃದು. ಗಾಳಕ್ಕೆ ಚುಚ್ಚಿದರೆ ಹರಿದುಹೋಗುವುದು. ಆದ್ದರಿಂದ ಗಾಳದ ಮೇಲೆಯೇ ರೇಷ್ಮೆಯ ದಾರ, ಉಣ್ಣೆ, ಹಕ್ಕಿಯ ಗರಿ ಇವುಗಳನ್ನು ಸುತ್ತಿ ಹುಳುವಿನ ರೂಪವನ್ನು ತರುವುದು. ಗಾಳವನ್ನು ಇಕ್ಕಳದಲ್ಲಿ ಬಿಗಿಯಬೇಕು. ಮೇಣ ಸವರಿದ ದಾರವನ್ನು ಒತ್ತಾಗಿ ಸುತ್ತಿಕೊಂಡು ಬರಬೇಕು. ಹುಂಜದ ಕುತ್ತಿಗೆಯ ಗರಿಯೊಂದನ್ನು ಅಂಚಿನ ಮೇಲೆ ನಿಲ್ಲಿಸಿ ಎರಡು ಮೂರು ಸುತ್ತು ತಂದರೆ, ಗರಿಯ ಎಳೆಗಳು ಹುಳುವಿನ ಕಾಲುಗಳಂತೆ ಸುತ್ತಲೂ ಕೆದರಿ ನಿಲ್ಲುತ್ತವೆ. ಕಡೆಗೆ ಒಂದು ಗಂಟು.

ಹೇಳುವುದು ಸುಲಭ. ನಾವು ಇದನ್ನು ಪುಸ್ತಕ ನೋಡಿ ಪ್ರಯತ್ನಿಸಿದೆವು. ಗಡಿಯಾರ ರಿಪೇರಿ ಮಾಡುವ ಪರಿಚಿತರೊಬ್ಬರಿಂದ ಸಣ್ಣ ಇಕ್ಕಳವೊಂದನ್ನು ಎರವಲು ತಂದು, ಮನೆಯ ಹೊಲಿಗೆಯ ಪೆಟ್ಟಿಗೆಯಿಂದ ದಾರವನ್ನು ಕದ್ದು, ಕೋಳಿ ಅಂಗಡಿಯವನಿಂದ ನಾಲ್ಕು ಗರಿಗಳನ್ನು ಬೇಡಿ ತಂದೆವು. ಮೊದಲನೆಯದು ಬಿಚ್ಚಿಹೋಯಿತು. ಎರಡನೆಯದು ಮಳೆಯಲ್ಲಿ ನೆನೆದ ಗುಬ್ಬಿಯ ಮರಿಯಂತಿತ್ತು. ಮೂರನೆಯದನ್ನು ಕಟ್ಟಿ ಮುಗಿಸಿ ತಲೆಯೆತ್ತಿದಾಗ ಗಂಟೆ ಹನ್ನೊಂದಾಗಿದ್ದಿತು. ತಿದ್ದಬೇಕಾದ ಉತ್ತರಪತ್ರಿಕೆಗಳು ಮೇಜಿನ ಮೂಲೆಯಲ್ಲಿ ಹಾಗೆಯೇ ಇದ್ದವು. ಆ ರಾತ್ರಿಯ ಸಂತೋಷವನ್ನು ನಾವು ಯಾವ ಪದವಿ ಪರೀಕ್ಷೆಯ ದಿನವೂ ಕಂಡಿಲ್ಲವೆಂದರೆ ಅತಿಶಯೋಕ್ತಿಯಲ್ಲ. ಬೆಳಗಾದೊಡನೆ ಮಾಡಬೇಕೆನಿಸಿದ ಮೊದಲನೆಯ ಕೆಲಸವೂ ವಿಚಿತ್ರವಾದುದು: ಯಾರಿಗಾದರೂ ತೋರಿಸಬೇಕು, ಹೇಗೆ ಮಾಡಿದೆವೆಂದು ಹೇಳಬೇಕು.

ಈ ಎರಡು ಬಯಕೆಗಳೂ, ಕೈಯಾಡಿಸುವ ಬಯಕೆಯೂ ಹೇಳಿಕೊಳ್ಳುವ ಬಯಕೆಯೂ, ಬಹಳ ಹಳೆಯವು. ಕ್ರಿಸ್ತಶಕ ೨೦೦ರ ಸುಮಾರಿನಲ್ಲಿದ್ದ ಈಲಿಯನ್ ಎಂಬ ಗ್ರಂಥಕಾರನು ಮ್ಯಾಸಿಡೋನಿಯದ ಜನರು ಗಾಳಕ್ಕೆ ಕೆಂಪು ಉಣ್ಣೆಯನ್ನು ಸುತ್ತಿ, ಅದಕ್ಕೆ ಹುಂಜದ ಎರಡು ಗರಿಗಳನ್ನು ಸೇರಿಸಿ, ಹೊಳೆಯ ಮೀನನ್ನು ವಂಚಿಸುತ್ತಿದ್ದರೆಂದು ಬರೆದಿಟ್ಟಿದ್ದಾನೆ. ಇಂಗ್ಲೆಂಡಿನಲ್ಲಿ ಅಚ್ಚಿನ ಯಂತ್ರ ಬಂದು ಇಪ್ಪತ್ತು ವರ್ಷಗಳಾಗುವಷ್ಟರಲ್ಲಿಯೇ, ೧೪೯೬ರಲ್ಲಿ, ಹನ್ನೆರಡು ಬಗೆಯ ಗರಿಹುಳುಗಳನ್ನು ಕಟ್ಟುವ ಕ್ರಮವು ಅಚ್ಚಾಯಿತು.

ನಮ್ಮಲ್ಲಿ ಇದಕ್ಕೆ ಸಮನಾದುದು ಏನೂ ಇಲ್ಲವೆಂದು ಭಾವಿಸಬೇಕಾಗಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ವೆಂಬ ಪ್ರಕರಣವೇ ಉಂಟು. ಯಾವ ಮೀನು ಎಲ್ಲಿರುವುದು, ಯಾವುದಕ್ಕೆ ಯಾವ ಆಹಾರವನ್ನು ಹಾಕಿ ಒಂದೆಡೆಗೆ ರೂಢಿಮಾಡಬೇಕು, ಕೋಲು ಹೇಗಿರಬೇಕು, ಹುರಿ ಹೇಗಿರಬೇಕು, ಎಲ್ಲವನ್ನೂ ರಾಜನು ಶ್ರದ್ಧೆಯಿಂದ ಹೇಳುತ್ತಾನೆ. ಅಲ್ಲಿ ಗರಿಯ ಹುಳುವಿಲ್ಲ, ಹಿಟ್ಟಿನ ಉಂಡೆಗಳಿವೆ. ಇದನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಳ್ಳಬೇಕು. ಈ ಪ್ರಕರಣದ ಕಡೆಗೆ ಆಧುನಿಕ ವಿದ್ವಾಂಸರ ಗಮನವನ್ನು ಸೆಳೆದವರು ಮತ್ಸ್ಯಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು, ೧೯೫೧ರಲ್ಲಿ. ಸಾಹಿತ್ಯದ ಮೇಷ್ಟರಾದ ನಾವು ಮಾನಸೋಲ್ಲಾಸವನ್ನು ಸಂಗೀತಕ್ಕಾಗಿಯೂ ಅಡಿಗೆಗಾಗಿಯೂ ತೆರೆದುನೋಡುತ್ತೇವೆಯೇ ಹೊರತು ಮೀನಿಗಾಗಿ ತೆರೆಯುವುದಿಲ್ಲ.

ಇನ್ನು ಕನ್ನಡ ನಾಡಿನಲ್ಲಿಯೇ ಹುಟ್ಟಿದ ಒಂದು ಇಂಗ್ಲಿಷ್ ಪುಸ್ತಕದ ಮಾತು. ಮದರಾಸು ಸರ್ಕಾರದ ಅಧಿಕಾರಿಯಾಗಿ ದಕ್ಷಿಣ ಕನ್ನಡ ಜಿಲ್ಲೆಯ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬವರು ‘ದಿ ರಾಡ್ ಇನ್ ಇಂಡಿಯಾ’ ಎಂಬ ಗ್ರಂಥವನ್ನು ಬರೆದರು. ೧೮೭೩ರಲ್ಲಿ ಅದು ಅಚ್ಚಾದುದು ಲಂಡನ್ನಿನಲ್ಲಲ್ಲ, ಮಂಗಳೂರಿನಲ್ಲಿ, ಬಾಸೆಲ್ ಮಿಶನ್ನಿನ ಮುದ್ರಣಾಲಯದಲ್ಲಿ. ಇಪ್ಪತ್ತೊಂದು ವರ್ಷಗಳ ತರುವಾಯ, ೧೮೯೪ರಲ್ಲಿ, ಕಿಟ್ಟೆಲ್ ಅವರ ಕನ್ನಡ ನಿಘಂಟು ಹೊರಬಿದ್ದುದೂ ಅಲ್ಲಿಂದಲೇ. ಒಂದೇ ಅಚ್ಚಿನ ಮನೆಯಲ್ಲಿ ಕನ್ನಡದ ಶಬ್ದಗಳೂ ಕನ್ನಡದ ಹೊಳೆಗಳ ಮೀನುಗಳೂ ಮೊಳೆಗಳಿಗೇರಿದುವೆಂದರೆ ನಮಗೆ ಒಂದು ಬಗೆಯ ಹಿಗ್ಗು.

ಥಾಮಸರು ಬೇಟೆಯ ಬಡಾಯಿಗಾಗಿ ಬರೆದವರಲ್ಲ. ಹೊಳೆಗೆ ವಿಷ ಬೆರೆಸಿ ಮರಿಮೀನುಗಳನ್ನು ಕೂಡ ನಾಶಮಾಡುವ ಪದ್ಧತಿಯನ್ನು ಅವರು ತಮ್ಮ ಜಿಲ್ಲೆಯಲ್ಲಿ ಕಂಡು ಅದರ ವಿರುದ್ಧ ವಾದಿಸಿದವರು. ಮೀನು ಬಡವರ ಆಹಾರವೆಂಬ ವಿಚಾರಕ್ಕೂ ಅವರ ಗ್ರಂಥದಲ್ಲಿ ಎಡೆಯಿದೆ. ಸಿಡಿಮದ್ದು ಮತ್ತು ವಿಷಗಳಿಂದ ಮೀನು ಹಿಡಿಯುವುದನ್ನು ನಿಷೇಧಿಸುವ ಶಾಸನವು ಹಿಂದೂಸ್ಥಾನದಲ್ಲಿ ಬಂದುದು ೧೮೯೭ರಲ್ಲಿ; ಅವರ ಪುಸ್ತಕದ ಮೂರನೆಯ ಮುದ್ರಣವೂ ಅದೇ ವರ್ಷದ್ದು. ಆ ಗ್ರಂಥದ ಗುಣವೆಂದರೆ ಗುಟ್ಟಿಲ್ಲದಿರುವುದು. ಮಹಶೀರ್ ಮೀನಿನ ಗಂಟಲಿನಲ್ಲಿ ಹಲ್ಲುಗಳಿವೆ, ಏಡಿಯನ್ನೂ ಚಿಪ್ಪನ್ನೂ ಅದು ಅಲ್ಲಿ ಅರೆಯುತ್ತದೆ, ದುರ್ಬಲವಾದ ಗಾಳವನ್ನು ಹಿಸುಕಿ ನಜ್ಜುಗುಜ್ಜು ಮಾಡುತ್ತದೆ, ಆದುದರಿಂದ ಇಂಥ ಗಾಳವನ್ನು ಬಳಸಿ, ಹೀಗೆ ಕಟ್ಟಿ, ಎಂದು ಎದುರಿಗೆ ಕುಳಿತು ಹೇಳುವ ಧಾಟಿ. ನಮ್ಮ ಊರುಗಳ ನಾಟಿವೈದ್ಯರು ಬೇರಿನ ಹೆಸರನ್ನು ಹೇಳಿದರೆ ಮದ್ದಿನ ಗುಣ ಕೆಡುವುದೆಂದು ಬಾಯಿ ಮುಚ್ಚಿಕೊಂಡೇ ಸಾಯುವುದನ್ನು ಕಂಡ ನಮಗೆ ಈ ಧಾಟಿ ಮೆಚ್ಚಿಕೆಯಾಗುವುದು ಸಹಜ.

ಗರಿಹುಳುವಿಗೂ ನಮ್ಮ ಕಾಡುಗಳಿಗೂ ಇರುವ ನಂಟು ಇನ್ನೊಂದು. ಹಲಗೂರಿನಿಂದ ಮುತ್ತತ್ತಿಗೆ ಇಳಿಯುವ ಕಾಡಿನಲ್ಲಿ ಮುಂಜಾನೆ ಕೂಗುವ ಬೂದುಬಣ್ಣದ ಕಾಡುಕೋಳಿಯನ್ನು ಕೇಳದವರಿಲ್ಲ. ದಕ್ಷಿಣ ಮತ್ತು ಪಶ್ಚಿಮ ಭಾರತವನ್ನು ಬಿಟ್ಟರೆ ಈ ಹಕ್ಕಿ ಬೇರೆಲ್ಲಿಯೂ ಕಾಡಿನಲ್ಲಿ ಸಿಕ್ಕದು. ಹುಂಜದ ಕುತ್ತಿಗೆಯ ಗರಿಗಳ ತುದಿಯಲ್ಲಿ ಬಿಳಿಯ ಮತ್ತು ಹಳದಿಯ ಹೊಳಪಿನ ಚುಕ್ಕೆಗಳಿರುತ್ತವೆ, ಕರಗಿದ ಮೇಣದ ಹನಿ ಬಿದ್ದು ಗಟ್ಟಿಯಾದಂತೆ. ಸ್ಕಾಟ್ಲೆಂಡಿನ ಸಾಮನ್ ಮೀನಿಗೆಂದು ಕಟ್ಟುವ ಗರಿಹುಳುಗಳಲ್ಲಿ ಈ ಚುಕ್ಕೆಯೇ ಕಣ್ಣು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಗರಿಗೆ ಅಲ್ಲಿ ಬಂದ ಬೇಡಿಕೆ ಅಷ್ಟಿಷ್ಟಲ್ಲ. ಅಮೆರಿಕದ ಟೂಕನ್ ಹಕ್ಕಿಯ ಎದೆ, ಚೀನದ ಚಿನ್ನದ ಫೆಸೆಂಟ್ ಹಕ್ಕಿಯ ಜುಟ್ಟು, ನಮ್ಮ ಕಾಡುಕೋಳಿಯ ಕುತ್ತಿಗೆ, ಇವೆಲ್ಲವೂ ಒಂದೇ ಗಾಳದ ಮೇಲೆ ಸೇರುತ್ತಿದ್ದವು. ಹಕ್ಕಿಗಳ ಚರ್ಮ ಮತ್ತು ಗರಿಗಳ ರಫ್ತನ್ನು ಹಿಂದೂಸ್ಥಾನದ ಸರ್ಕಾರವು ೧೯೦೨ರಲ್ಲಿ ನಿಷೇಧಿಸಿದರೂ ಕಾಡುಕೋಳಿಯ ಗರಿಗಳು ಅನೇಕ ದಶಕಗಳವರೆಗೆ ಹಡಗೇರುತ್ತಲೇ ಇದ್ದವು. ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನ ಬಂದ ಮೇಲೆ ಇಂಗ್ಲೆಂಡಿನವರು ಆ ಕೋಳಿಯನ್ನು ತಮ್ಮ ದೇಶದಲ್ಲಿಯೇ ಸಾಕಿ ಗರಿ ತೆಗೆಯುತ್ತಾರೆ. ಇದರಲ್ಲಿ ಒಂದು ಹಾಸ್ಯವೂ ಉಂಟು. ಮೊಟ್ಟೆಯಿಡಲು ಸಮುದ್ರದಿಂದ ಹೊಳೆಗೆ ಏರಿ ಬಂದ ಸಾಮನ್ ಮೀನು ಆಹಾರವನ್ನೇ ತಿನ್ನುವುದಿಲ್ಲ! ಹಸಿವಿಲ್ಲದ ಅತಿಥಿಗೆ ಎರಡು ಖಂಡಗಳ ಗರಿಯಿಂದ ಅಲಂಕರಿಸಿದ ಎಲೆಯನ್ನು ಹಾಕಿದಂತಾಯಿತು.

ಇಂಥ ಗರಿಹುಳುಗಳ ಪೈಕಿ ಅತ್ಯಂತ ಪ್ರಸಿದ್ಧವಾದುದರ ಹೆಸರು ‘ಜಾಕ್ ಸ್ಕಾಟ್’. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಒಬ್ಬ ಶ್ರೀಮಂತನ ಜೊತೆಗೆ ನಾರ್ವೆಗೆ ಹಡಗಿನಲ್ಲಿ ಹೊರಟ ಸೇವಕನೊಬ್ಬ ಹೊತ್ತುಹೋಗದೆ ಅದನ್ನು ಕಟ್ಟಿದನೆಂದು ಗಾಳಗಾರರ ಪರಂಪರೆ ಹೇಳುತ್ತದೆ. ಆ ಸೇವಕನ ಹೆಸರೇ ಅದಕ್ಕೆ ನಿಂತಿತು. ಯಜಮಾನನ ಹೆಸರು ಯಾರಿಗೂ ಬೇಕಾಗಿಲ್ಲ. ೧೮೯೫ರಲ್ಲಿ ಜಾರ್ಜ್ ಕೆಲ್ಸನ್ ಎಂಬವರು ಸಾಮನ್ ಗರಿಹುಳುಗಳನ್ನು ಕುರಿತು ದೊಡ್ಡ ಗ್ರಂಥವನ್ನೇ ಬರೆದು ಹೊರತಂದರು. ಆಳಿನ ಹೆಸರು ಗ್ರಂಥಸ್ಥವಾಯಿತು.

ಇನ್ನು ಗ್ರಂಥಸ್ಥವಾಗದ ವಿದ್ಯೆಯ ಕಡೆಗೆ ಬರೋಣ.

ಮದ್ದೂರಿನಲ್ಲಿ ರೈಲಿಳಿದು, ಪದ್ಧತಿಯಂತೆ ವಡೆಯನ್ನು ತಿಂದು, ಮಳವಳ್ಳಿಯ ಬಸ್ಸನ್ನು ಹತ್ತಿದರೆ ಕಬ್ಬಿನ ಗದ್ದೆಗಳು ಸ್ವಲ್ಪ ದೂರ ಜೊತೆಗೆ ಬಂದು ಹಿಂದೆ ಉಳಿಯುತ್ತವೆ. ಹಲಗೂರು ದಾಟಿದ ಮೇಲೆ ಬೇರೆಯೇ ಸೀಮೆ: ಕುರುಚಲು ಕಾಡು, ಬಂಡೆ, ಆ ಬಂಡೆಗಳ ನಡುವೆ ಕಾವೇರಿ. ಶಿವನಸಮುದ್ರದಲ್ಲಿ ಧುಮುಕಿ, ಮದ್ದೂರಿನ ಕಡೆಯಿಂದ ಬಂದ ಶಿಂಷೆಯನ್ನು ಕೂಡಿಸಿಕೊಂಡು, ಹೊಳೆ ಇಲ್ಲಿ ಮಡು ಮಡುವಾಗಿ ಹರಿಯುತ್ತದೆ. ಮುತ್ತತ್ತಿಯಲ್ಲಿ ಸೀತಾದೇವಿಯ ಮುತ್ತಿನ ಆಭರಣವು ಸುಳಿಯಲ್ಲಿ ಬಿದ್ದಾಗ ಹನುಮಂತನು ಬಾಲವನ್ನು ನೀರಿಗೆ ಬಿಟ್ಟು ಎತ್ತಿಕೊಟ್ಟನೆಂದು ಸ್ಥಳಪುರಾಣ. ಈ ಹೊಳೆಯಲ್ಲಿ ಗಾಳ ಹಾಕಿದವರಲ್ಲಿ ಆದ್ಯನು ಆಂಜನೇಯನೇ ಎಂದು ನಮ್ಮ ಜೊತೆಗಿದ್ದ ಮಿತ್ರರು ನಕ್ಕರು. ಅಲ್ಲಿಗೆ ಸಮೀಪದಲ್ಲಿಯೇ ಭೀಮೇಶ್ವರಿ.

ದಡದ ಜನರು ಬಿಳಿಮೀನೆಂದು ಕರೆಯುವ ಮಹಶೀರ್ ಈ ಮಡುಗಳ ಒಡೆಯ. ಕಾವೇರಿಯಲ್ಲಿ ೧೯೧೯ರಲ್ಲಿ ೧೧೯ ಪೌಂಡಿನ ಮೀನು ಸಿಕ್ಕಿತು. ೧೯೪೬ರಲ್ಲಿ ಕಬಿನಿಯಲ್ಲಿ, ಮೈಸೂರಿನ ವಾನ್ ಇಂಗೆನ್ ಮನೆತನದ ಡಿವೆಟ್ ವಾನ್ ಇಂಗೆನ್ ಅವರ ಗಾಳಕ್ಕೆ ೧೨೦ ಪೌಂಡಿನದು, ಎಂದರೆ ೫೪ ಕಿಲೋಗ್ರಾಮಿಗೂ ಮೇಲ್ಪಟ್ಟದ್ದು. ಒಬ್ಬ ಆಳಿನ ತೂಕ! ಗರಿಹುಳುವಿಗೆ ಮರಿಮಹಶೀರ್ ಎದ್ದು ಬರುವುದುಂಟು. ಮಡುವಿನ ತಳದ ಮುದಿಮೀನು ಬರುವುದು ಅಪರೂಪ. ಅದಕ್ಕೆ ಮರದಿಂದ ಉದುರಿದ ಹಣ್ಣು, ಏಡಿ, ಸಣ್ಣ ಮೀನು, ಯಾವುದಾದರೂ ಸರಿ, ಹೊಟ್ಟೆ ತುಂಬಬೇಕು. ಮಂಡ್ಯದ ಸೀಮೆಯ ಜನ ಅದಕ್ಕೆ ತಾವು ತಿನ್ನುವುದನ್ನೇ ಕೊಟ್ಟರು.

ಯುದ್ಧಾನಂತರ ಈ ಮೀನು ಮುಗಿದೇ ಹೋಯಿತೆಂದು ಹೊರಗಿನವರು ನಂಬಿದ್ದರು. ೧೯೭೭-೭೮ರಲ್ಲಿ ಇಂಗ್ಲೆಂಡಿನ ಮೂವರು ಯುವಕರು ಹುಡುಕಿಕೊಂಡು ಬಂದರು. ಅವರಲ್ಲೊಬ್ಬನಿಗೆ ೯೨ ಪೌಂಡಿನ ಮೀನು ದೊರೆಯಿತು. ಆ ಸುದ್ದಿ ಹಬ್ಬಿ ಭೀಮೇಶ್ವರಿ, ಗಾಳಿಬೋರೆ ಮುಂತಾದೆಡೆ ಗಾಳದ ಶಿಬಿರಗಳು ನಡೆದವು. ಹಿಡಿದ ಮೀನನ್ನು ತೂಗಿ ಮತ್ತೆ ಹೊಳೆಗೇ ಬಿಡುವುದು ಶಿಬಿರದ ನಿಯಮ. ದಡದ ಬೆಸ್ತರಲ್ಲಿಯೂ, ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರಲ್ಲಿಯೂ ಕೆಲವರು ದಾರಿ ತೋರುವ ಕೆಲಸಕ್ಕೆ ಸೇರಿದರು. ಪುಸ್ತಕ ಓದಿ, ಬೆಲೆಯುಳ್ಳ ಸಲಕರಣೆಗಳನ್ನು ಹೊತ್ತು ಬಂದ ಪರದೇಶಿಗಳು ಹರಿಗೋಲಿನಲ್ಲಿ ಇವರ ಕೈಕೆಳಗೆ ಕುಳಿತು ರಾಗಿಯ ಉಂಡೆಯನ್ನು ಕಟ್ಟಲು ಕಲಿತರು.

ಅಂಥ ಒಬ್ಬ ಹಿರಿಯರನ್ನು ನಾವು ಅವರ ಮನೆಯ ಜಗಲಿಯ ಮೇಲೆ ಕಂಡೆವು. ವಯಸ್ಸು ಎಪ್ಪತ್ತರ ಮೇಲೆ. ಗಾಳ ಮುಟ್ಟಿ ಎಷ್ಟೋ ವರ್ಷಗಳಾಗಿದ್ದರೂ ಕೈಯ ಬೆರಳುಗಳ ಮೇಲೆ ಹುರಿ ಕೊಯ್ದ ಗೆರೆಗಳು ಮಾಸಿರಲಿಲ್ಲ. ರಾಗಿಯ ಹದವನ್ನು ಕೇಳಿದೆವು. ಹಿಟ್ಟನ್ನು ನೀರು ಹಾಕಿ ಗಟ್ಟಿಯಾಗಿ ಕಲಸಬೇಕು. ಉಂಡೆ ಮಾಡಿ ಕುದಿಯುವ ನೀರಿನಲ್ಲಿ ಬೇಯಿಸಬೇಕು. ತೆಗೆದು ಮತ್ತೆ ನಾದಬೇಕು. ಗಾಳದ ಸುತ್ತ ಒತ್ತಿ ತುದಿ ಮಾತ್ರ ಕಾಣದಂತೆ ಮುಚ್ಚಬೇಕು. ಸಣ್ಣ ಮೀನುಗಳು ಕಚ್ಚಿ ಕಚ್ಚಿ ಕರಗಿಸದಷ್ಟು ಗಟ್ಟಿಯಾಗಿರಬೇಕು, ದೊಡ್ಡದು ಒಮ್ಮೆ ಹಿಸುಕಿದರೆ ಗಾಳ ಹೊರಬರುವಷ್ಟು ಮೆತ್ತಗಿರಬೇಕು.

“ಎಷ್ಟು ಹೊತ್ತು ಬೇಯಿಸಬೇಕು, ಯಜಮಾನರೆ?” ಎಂದು ಪುಸ್ತಕದ ಮನುಷ್ಯರಾದ ನಾವು ಲೇಖನಿಯನ್ನು ಹಿಡಿದು ಕೇಳಿದೆವು.

“ಗಡಿಯಾರ ನೋಡ್ಕಂಡು ಬೇಯ್ಸೋಕಾಯ್ತದಾ ಮೇಷ್ಟ್ರೇ? ಹೆಚ್ಚಾದ್ರೆ ಕಲ್ಲಾಯ್ತದೆ, ಕಮ್ಮಿಯಾದ್ರೆ ನೀರ್ನಲ್ಲೇ ಕರಗೋಯ್ತದೆ. ನಿಮ್ಮನೇಲಿ ಮುದ್ದೆ ತಿರುವೋರ್ನ ಕೇಳಿ, ಅವ್ರಿಗ್ ಗೊತ್ತಿರ್ತದೆ.”

ಒಬ್ಬೊಬ್ಬರೂ ಹಿಟ್ಟಿಗೆ ತಮ್ಮದೇ ಆದ ವಾಸನೆಯ ಸಾಮಾನನ್ನು ಬೆರೆಸುತ್ತಿದ್ದರಂತೆ, ಒಬ್ಬರು ಇನ್ನೊಬ್ಬರಿಗೆ ಹೇಳುತ್ತಿರಲಿಲ್ಲವಂತೆ. “ನಮ್ಮಪ್ಪ ಹೇಳ್ಕೊಡ್ನಿಲ್ಲ ಕಣಿ. ಅವ್ನು ಮಲಗಿದ್ದಾಗ ಕೈ ಮೂಸ್ ನೋಡಿ ಕಲ್ತೆ.” ತಂದೆಯಿಂದ ಮಗನು ವಿದ್ಯೆಯನ್ನು ಕದ್ದು ಕಲಿಯಬೇಕಾಗಿ ಬಂದ ಈ ಮಾತನ್ನು ಕೇಳಿ ನಮಗೆ ನಗುವೂ ಬಂತು, ನಗು ಮುಗಿದ ಮೇಲೆ ಮತ್ತೇನೋ ಆಯಿತು. ಮಂಗಳೂರಿನ ಕಲೆಕ್ಟರು ಗುಟ್ಟನ್ನು ಬಿಟ್ಟುಕೊಟ್ಟರೆ ಅವರ ಸಂಬಳವೇನೂ ಕಡಿಮೆಯಾಗುತ್ತಿರಲಿಲ್ಲ. ಇವರ ತಂದೆಗೆ ಗುಟ್ಟೇ ಅನ್ನ. ಥಾಮಸರ ಔದಾರ್ಯವನ್ನು ಹೊಗಳುವಾಗ ನಾವು ಈ ಲೆಕ್ಕವನ್ನು ಮರೆತಿದ್ದೆವು.

ಗುಟ್ಟಾಗಿ ಉಳಿಯದ ಇನ್ನೊಂದು ಸಂಗತಿಯನ್ನು ಹೇಳಬೇಕು. ಗಾಳಿಬೋರೆಯ ಶಿಬಿರದಲ್ಲಿ ಯಾರು ಎಷ್ಟು ಗಂಟೆ ಕುಳಿತರು, ಯಾವ ಮೀನು, ಎಷ್ಟು ತೂಕ, ಎಂಬುದನ್ನು ದಾಖಲೆ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಬರೆದವರಿಗೆ ಅದು ವಿನೋದ. ಆದರೆ ೧೯೯೮ರಿಂದ ೨೦೧೨ರವರೆಗಿನ ಆ ಬರೆವಣಿಗೆಯನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮುಂತಾದ ವಿಜ್ಞಾನಿಗಳು ಲೆಕ್ಕಹಾಕಿ ೨೦೧೫ರಲ್ಲಿ ಪ್ರಕಟಿಸಿದಾಗ ಅದರ ಬೆಲೆ ತಿಳಿಯಿತು. ೨೩,೬೨೦ ಗಂಟೆಗಳಲ್ಲಿ ೬,೧೬೧ ಮಹಶೀರ್ ಮೀನುಗಳು ಸಿಕ್ಕಿದ್ದವು. ವರ್ಷ ವರ್ಷಕ್ಕೆ ಸಿಕ್ಕುವ ಸಂಖ್ಯೆ ಹೆಚ್ಚುತ್ತಲೂ ತೂಕ ಇಳಿಯುತ್ತಲೂ ಬಂದಿತ್ತು. ಹೆಚ್ಚಿದುದು ನೀಲಿ ರೆಕ್ಕೆಯ ಜಾತಿ. ಅದು ಈ ಹೊಳೆಯ ಮೂಲನಿವಾಸಿಯಲ್ಲ, ಮೀನಿನ ಮೇಲಿನ ಪ್ರೀತಿಯಿಂದಲೇ ಲೋನಾವಳದ ಮರಿಕೇಂದ್ರದಿಂದ ತಂದು ಬಿಟ್ಟದ್ದು. ಕಿತ್ತಳೆ ಬಣ್ಣದ ರೆಕ್ಕೆಯ, ಡುಬ್ಬು ಬೆನ್ನಿನ, ಕಾವೇರಿಯ ಸ್ವಂತ ಮಹಶೀರ್ ಕಾಣೆಯಾಗುತ್ತಿದ್ದಿತು. ವಿಪರ್ಯಾಸವೇನೆಂದರೆ, ನೂರು ವರ್ಷಗಳ ಕಾಲ ಜಗತ್ತಿನ ಗಾಳಗಾರರೆಲ್ಲರೂ ಕೊಂಡಾಡಿದ ಆ ಮೀನಿಗೆ ಶಾಸ್ತ್ರೀಯವಾದ ಹೆಸರು ಇದೇ ಎಂದು ನಿಶ್ಚಯವಾಗಿರಲೇ ಇಲ್ಲ. ಅದು ಕೇರಳದ ಪಾಂಬಾರ್ ಹೊಳೆಯಿಂದ ಮೊದಲು ವರ್ಣಿತವಾದ ‘ಟಾರ್ ರೇಮಾದೇವಿ’ ಎಂಬ ಜಾತಿಯೇ ಎಂದು ೨೦೧೮ರಲ್ಲಿ ಸ್ಥಿರವಾಯಿತು. ಅದೇ ವರ್ಷ ಅದನ್ನು ತೀವ್ರವಾಗಿ ಅಳಿವಿನಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು. ನಾಮಕರಣವೂ ಮರಣಭಯವೂ ಒಟ್ಟಿಗೇ ಬಂದಂತಾಯಿತು.

ಅಷ್ಟರಲ್ಲಿ ಶಿಬಿರಗಳ ಗಾಳ ನಿಂತಿದ್ದಿತು. ಹೊಳೆಯ ಈ ಭಾಗವು ೧೯೮೭ರಿಂದ ಕಾವೇರಿ ವನ್ಯಧಾಮಕ್ಕೆ ಸೇರಿದೆ. ವನ್ಯಧಾಮದಲ್ಲಿ ಮೀನು ಹಿಡಿಯುವುದೂ ಬೇಟೆಯೇ ಎಂಬ ನ್ಯಾಯದ ಮೇಲೆ ೨೦೧೨ರ ಹೊತ್ತಿಗೆ ಅದು ಮುಗಿಯಿತು. ನ್ಯಾಯವಲ್ಲವೆಂದು ನಾವು ಹೇಳಲಾರೆವು. ಆದರೆ ಗಾಳದೊಡನೆ ದಾಖಲೆಯ ಪುಸ್ತಕವೂ ಮುಚ್ಚಿತು, ದಡದ ಮೇಲೆ ದಿನವೂ ಇರುತ್ತಿದ್ದ ಕಣ್ಣುಗಳೂ ಹೋದವು. ಸಿಡಿಮದ್ದು ಹಾಕುವವನಿಗೆ ೧೮೯೭ರ ಶಾಸನಕ್ಕಿಂತ ಆ ಕಣ್ಣುಗಳ ಭಯ ಹೆಚ್ಚಾಗಿದ್ದಿತೆಂಬುದು ಜಗಲಿಯ ಹಿರಿಯರ ಅಭಿಪ್ರಾಯ. ನಮಗೂ ಹಾಗೆಯೇ ತೋರುತ್ತದೆ.

ಹೊರಡುವ ಮುನ್ನ ನಾವು ಕಿಸೆಯಿಂದ ಬೆಂಕಿಪೊಟ್ಟಣವನ್ನು ತೆಗೆದು, ಅದರಲ್ಲಿಟ್ಟಿದ್ದ ನಮ್ಮ ಮೂರನೆಯ ಗರಿಹುಳುವನ್ನು ಸ್ವಲ್ಪ ಹೆಮ್ಮೆಯಿಂದಲೇ ಅವರ ಅಂಗೈಯಲ್ಲಿಟ್ಟೆವು. ಅವರು ಬೆಳಕಿಗೆ ಹಿಡಿದು ನೋಡಿದರು.

“ಗರಿ ಚೆಂದಾಗದೆ. ಗಂಟು ನಿಲ್ಲಾಕಿಲ್ಲ. ಬಿಚ್ಲಾ?”

ಒಪ್ಪಿದೆವು. ಬಿಚ್ಚಿದರು. ಗಾಳದ ಹಿಡಿಯನ್ನು ಹೆಬ್ಬೆರಳ ಉಗುರಿಗೆ ಒತ್ತಿ ಹಿಡಿದು, ಇಕ್ಕಳವಿಲ್ಲದೆಯೇ, ದಾರವನ್ನು ಹಲ್ಲಿನಲ್ಲಿ ಬಿಗಿದು, ಗರಿಯನ್ನು ನಾವು ಸುತ್ತಿದುದಕ್ಕೆ ವಿರುದ್ಧವಾದ ದಿಕ್ಕಿನಲ್ಲಿ ಸುತ್ತಿದರು. ಕೋಳಿಯ ಗರಿ ಕಟ್ಟಿದ ಗಾಳವನ್ನು ಅವರು ಹಿಂದೆ ಸಾಹೇಬರ ಪೆಟ್ಟಿಗೆಗಳಲ್ಲಿ ಕಂಡಿದ್ದರಂತೆ. ಕಟ್ಟಿದ್ದು ಇದೇ ಮೊದಲಂತೆ. ನಾವು ಆ ಗಂಟನ್ನು ಎರಡು ಸಲ ಹಾಕಿಸಿ ನೋಡಿ ಟಿಪ್ಪಣಿಯಲ್ಲಿ ಚಿತ್ರ ಬರೆದುಕೊಂಡೆವು. ರಾಗಿಯ ಹದವನ್ನೂ ಬರೆದುಕೊಂಡಿದ್ದೆವಷ್ಟೆ. ಅದರ ಕೆಳಗೆ ಅವರ ಹೆಸರನ್ನು ಹಾಕಲು ಅಪ್ಪಣೆ ಬೇಡಿದೆವು. ಜಾಕ್ ಸ್ಕಾಟನ ಕಥೆಯನ್ನೂ ಹೇಳಿದೆವು.

ಅವರು ಸ್ವಲ್ಪ ಹೊತ್ತು ಯೋಚಿಸಿ, “ನನ್ ಹೆಸ್ರು ಬ್ಯಾಡಿ ಮೇಷ್ಟ್ರೇ,” ಎಂದರು. “ವಾಸ್ನೆ ನಮ್ಮಪ್ಪಂದು. ಹದ ನಮ್ಮವ್ವಂದು. ಅವ್ಳು ಹೊಳೆಗೇ ಇಳ್ದೋಳಲ್ಲ.”

ಮಳವಳ್ಳಿಯ ಕಡೆಯ ಬಸ್ಸಿಗೆ ಹೊತ್ತಾಗಿದ್ದಿತು. ಹೊಸ ಗಂಟಿನ ಗರಿಹುಳುವನ್ನು ಬೆಂಕಿಪೊಟ್ಟಣದಲ್ಲಿಟ್ಟುಕೊಂಡು ಎದ್ದೆವು.